ಭಾಲ್ಕಿಯಿಂದ ಹೋದ ಪದರು

ಹೈದರಾಬಾದ
೧೮ ಜೂನ್ ೨೦೨೪

ಪ್ರಿಯ ಸರಿತಾ,

ನಾಲ್ಕು ದಿನದಿಂದ ಫೋನು ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಮೆಸೇಜು ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಕೊನೆಗೆ ನಮ್ಮ ಹಳೆಯ ದಾರಿಯೇ ಸರಿಯೆಂದು ಕಾಗದ ಹಿಡಿದಿದ್ದೇನೆ. ಸ್ಯಾಂಪಲಿನ ಡಬ್ಬಿ ಹೋಗಲಿ ಬರಲಿ, ಅದರ ಜೊತೆ ಕೈಬರಹದ ಒಂದು ಹಾಳೆ ಇರಲೇಬೇಕೆಂದು ನಿಮ್ಮ ಕಾಲೇಜಿನ ಕಾಶೀನಾಥ ಸರ್ ಕಟ್ಟುನಿಟ್ಟು ಮಾಡಿದ್ದರಿಂದ ಭಾಲ್ಕಿಗೂ ಹೈದರಾಬಾದಿಗೂ ನಡುವೆ ನಾವಿಬ್ಬರು ಮೂರು ವರ್ಷ ಬರೆದುಕೊಂಡೆವು. ಈ ಸಲ ಡಬ್ಬಿಯಿಲ್ಲ, ಹಾಳೆ ಮಾತ್ರ.

ನೀನು ಮಾಡಿ ಕಳಿಸಿದ ಗ್ರಾಫೀನ್ ಪದರಿನ ಚಿತ್ರ ತೆಗೆದು ನಾನು ಬರೆದ ಪ್ರಬಂಧ ಹೋದ ಅಕ್ಟೋಬರಿನಲ್ಲಿ ಅಚ್ಚಾಯಿತಲ್ಲ, ಅದರ ಬಗ್ಗೆ ಪುಣೆಯ ಒಂದು ಲ್ಯಾಬಿನವರು ಪತ್ರಿಕೆಗೆ ದೂರು ಬರೆದಿದ್ದಾರೆ. ಪ್ರಬಂಧದಲ್ಲಿ ಹೇಳಿದ ಹಾಗೆಯೇ ಏಳು ತಿಂಗಳು ಮಾಡಿ ನೋಡಿದರಂತೆ. ಗ್ರಾಫೈಟಿನ ಹರಳನ್ನು ಟೇಪಿಗೆ ಅಂಟಿಸಿ, ಮಡಚಿ ಬಿಡಿಸಿ, ಮತ್ತೆ ಮಡಚಿ ಬಿಡಿಸಿ, ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ಎತ್ತಿದರೆ ಅವರಿಗೆ ಸಿಕ್ಕಿದ್ದು ಧೂಳಿನಷ್ಟು ಚೂರುಗಳು. ನಮ್ಮ ಚಿತ್ರದಲ್ಲಿರುವ ಪದರು ಕೂದಲೆಳೆಯ ಎರಡು ಪಟ್ಟು ಅಗಲ, ಒಂದೇ ಪರಮಾಣುವಿನ ದಪ್ಪ, ಎಲ್ಲೂ ಹರಿದಿಲ್ಲ. ಅಂಥದ್ದು ಬಂದದ್ದಾದರೂ ಹೇಗೆ, ಚಿತ್ರ ನಿಜವೋ ಅಲ್ಲವೋ ಎಂದು ಕೇಳಿದ್ದಾರೆ.

ಆ ಪದರು ಈಗ ಇಲ್ಲ. ಬೇರೆ ಬಿಲ್ಲೆಗೆ ದಾಟಿಸುವಾಗ ಹರಿಯಿತು. ನಾನೇ ಅರವತ್ತಮೂರು ಸಲ ಮಾಡಿ ನೋಡಿದೆ. ನನ್ನ ಕೈ ನಿನ್ನ ಕೈಯಲ್ಲ. ಸಂಸ್ಥೆಯವರು ಮೂರು ಜನರ ಸಮಿತಿ ಮಾಡಿದ್ದಾರೆ, ಆಗಸ್ಟಿನಲ್ಲಿ ಕರೆಯುತ್ತಾರೆ. ಊಟ ಸೇರುತ್ತಿಲ್ಲ.

ದಯಮಾಡಿ ಎರಡು ಪದರು ಮಾಡಿ ಕಳಿಸು. ಹೇಗೆ ಮಾಡಿದ್ದೆ ಎಂಬುದನ್ನೂ ಸ್ವಲ್ಪ ವಿವರವಾಗಿ ಬರೆ. ಎಕಂಬಾದಲ್ಲಿ ಅಪ್ಪ, ಅವ್ವ ಆರಾಮ ಇದ್ದಾರಾ?

ನಿನ್ನ
ಅಂಜುಮ


ಭಾಲ್ಕಿ
೨ ಜುಲೈ ೨೦೨೪

ಅಂಜುಮ ಅವರಿಗೆ,

ನಿಮ್ಮ ಕಾಗದ ಮುಟ್ಟಿತು.

ಹೇಗೆ ಮಾಡಿದೆ ಎಂದು ಕೇಳಿದ್ದೀರಿ. ಹೋದ ವರ್ಷ ಫೆಬ್ರುವರಿಯಲ್ಲಿ ಡಬ್ಬಿಯ ಜೊತೆಗೇ ಬರೆದು ಕಳಿಸಿದ್ದೆ, ಹಾಳೆಯ ಎರಡೂ ಬದಿ. ಅದು ಇದ್ದರೆ ಓದಿಕೊಳ್ಳಿ. ಕಳೆದುಹೋಗಿದ್ದರೆ ಕಳೆದುಹೋಗಿದೆ ಎಂದು ಬರೆಯಿರಿ. ನನ್ನ ಹತ್ತಿರ ನಕಲು ಇಲ್ಲ.

ಮೇ ತಿಂಗಳಲ್ಲಿ ನಾನು ಪಿಎಚ್‌ಡಿ ಸೀಟಿನ ಸಂದರ್ಶನಕ್ಕೆ ಹೋಗಿದ್ದೆ. ಐದು ಜನ ಕೂತಿದ್ದರು. ನಾಲ್ಕು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ ಎಂದೆ. "ಹಂಗಾದ್ರ ನಿನ್ನ ಹೆಸರಿಂದು ಪೇಪರ್ ಎಲ್ಲದ?" ಎಂದು ಒಬ್ಬರು ಕೇಳಿದರು. "ಇಲ್ಲರಿ" ಅಂದೆ. ನಿಮ್ಮ ಪ್ರಬಂಧ ನನ್ನ ಮೊಬೈಲಿನಲ್ಲೇ ಇತ್ತು. ತೆರೆದು ತೋರಿಸಿ, ಇದರೊಳಗಿನ ಪದರು ನಾನು ಎತ್ತಿದ್ದು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಅಲ್ಲಿ ಕೊನೆಗೆ ಕಾಶೀನಾಥ ಸರ್ ಅವರಿಗೆ ಒಂದು ವಂದನೆ ಇದೆ, ನನ್ನ ಹೆಸರು ಅಲ್ಲಿಯೂ ಇಲ್ಲ. ಹೇಳಿದರೆ ಯಾರು ನಂಬುತ್ತಾರೆ? ಎದ್ದು ಬಂದೆ. ಸೀಟು ಬೇರೆಯವರಿಗೆ ಹೋಯಿತು.

ಫೋನು ಯಾಕೆ ಎತ್ತುವುದಿಲ್ಲ ಎಂದು ನೀವು ಕೇಳಿಲ್ಲ. ಆದರೂ ಹೇಳಿದೆ.

ಇಲ್ಲಿ ಮಳೆ ಹಿಡಿದಿದೆ. ಸದ್ಯಕ್ಕೆ ಪದರು ಮಾಡುವುದಿಲ್ಲ.

ಸರಿತಾ ಹಣಮಂತಪ್ಪ


ಹೈದರಾಬಾದ
೯ ಜುಲೈ ೨೦೨೪

ಸರಿತಾ,

ಆ ಹಾಳೆ ಕಳೆದಿಲ್ಲ. ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠ. ಟೇಪು ಒತ್ತಿದ ಬಿಲ್ಲೆಯನ್ನು ಇಸ್ತ್ರಿ ಪೆಟ್ಟಿಗೆಯ ಮೇಲಿಟ್ಟದ್ದು. ಎರಡು ಇಟ್ಟಿಗೆಯ ನಡುವೆ ಪೆಟ್ಟಿಗೆಯನ್ನು ಬೋರಲು ನಿಲ್ಲಿಸಿ, ಕಡಿಮೆ ಬಿಸಿಗೆ ಇಟ್ಟು, ಎರಡು ನಿಮಿಷಕ್ಕೆ ಸ್ವಿಚ್ಚು ಆರಿಸಿ, ಮೇಲೆ ಗಾಜಿನ ಲೋಟ ಮುಚ್ಚಿ, ಪೆಟ್ಟಿಗೆ ತಾನಾಗಿ ತಣ್ಣಗಾಗುವವರೆಗೆ ಮುಕ್ಕಾಲು ತಾಸು ಕಾದು ಆಮೇಲೆ ಎತ್ತಿದ್ದು. "ಅವಸರ ಮಾಡಿದರೆ ಹರಿಯುತ್ತದೆ" ಎಂದು ಕೆಳಗೆ ಗೆರೆ ಎಳೆದಿದ್ದೀ.

ಹೋದ ಸಲ ಗೊತ್ತಿಲ್ಲದವಳ ಹಾಗೆ ಕೇಳಿದೆ. ಅದು ಸುಳ್ಳು.

ಮೊದಲ ಕರಡಿನಲ್ಲಿ ನಾನು ಅದೆಲ್ಲ ಬರೆದಿದ್ದೆ, ಖುದಾ ಕಸಮ್. ನಮ್ಮ ಲ್ಯಾಬಿನ ಸೀನಿಯರ್ ಸುಫಿಯಾನ ಓದಿ ನಕ್ಕ. "ಕಪಡೇ ಇಸ್ತ್ರಿ ಕರನೇಕಾ ಪೇಪರ್ ಹೈ ಕ್ಯಾ?" ಎಂದ, ಬಟ್ಟೆ ಇಸ್ತ್ರಿ ಮಾಡುವ ಪ್ರಬಂಧವೇನು ಎಂದು. ಉಳಿದವರೂ ನಕ್ಕರು. ನಾನೂ ಅವರ ಜೊತೆ ನಕ್ಕೆ. ಅಂದೇ ಆ ಸಾಲು ತೆಗೆದೆ. "ಎಂದಿನ ವಿಧಾನದಲ್ಲಿ, ಕೋಣೆಯ ತಾಪಮಾನದಲ್ಲಿ" ಎಂದು ಬರೆದೆ. ಬಿಸಿಯಿಂದ ಏನೂ ಆಗಿರಲಿಕ್ಕಿಲ್ಲ, ಎಲ್ಲ ನಿನ್ನ ಕೈಗುಣ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ನಮ್ಮ ಗೈಡು ವಿಜಯಶ್ರೀ ಮೇಡಂ, "ಪದರು ಮಾಡಿದವರು ಯಾರು, ಹೆಸರು ಸೇರಿಸಬೇಕೇ?" ಎಂದು ಕೇಳಿದರು. ಎಂದಿನ ವಿಧಾನ ಎಂದು ಬರೆದಾಗಿತ್ತು. ಎಂದಿನ ವಿಧಾನಕ್ಕೆ ವಿಶೇಷವಾಗಿ ಮಾಡಿದವಳು ಎಲ್ಲಿಂದ ಬರಬೇಕು? ಭಾಲ್ಕಿ ಕಾಲೇಜಿನಿಂದ ತರಿಸಿದ್ದು ಎಂದೆ. ಅವರು ಕಾಶೀನಾಥ ಸರ್ ಹೆಸರನ್ನು ವಂದನೆಯಲ್ಲಿ ಹಾಕಿದರು. ನಾನು ಸುಮ್ಮನಿದ್ದೆ. ಒಂದು ಸಾಲು ತೆಗೆದದ್ದಕ್ಕೆ ನೀನೂ ಅದರ ಜೊತೆ ಹೋದೆ.

ಇದನ್ನು ನಿನ್ನೊಬ್ಬಳಿಗೇ ಹೇಳಿದ್ದು. ಈಗ ಹೇಳಿದರೆ ನನ್ನ ಐದು ವರ್ಷ ಹೋಗುತ್ತದೆ. ನೀನು ಎರಡು ಪದರು ಕಳಿಸಿದರೆ ಸಮಿತಿಯ ಮುಂದಿಡುತ್ತೇನೆ. ಚಿತ್ರ ಸುಳ್ಳಲ್ಲ ಎಂದು ಗೊತ್ತಾದರೆ ಮಿಕ್ಕದ್ದನ್ನು ಯಾರೂ ಕೆದಕಲಿಕ್ಕಿಲ್ಲ. ಮುಂದಿನ ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು ಹಾಕಿಸುತ್ತೇನೆ. ಇದೊಂದು ಸಲ ಕೈ ಬಿಡಬೇಡ.

ಅಂಜು


ಎಕಂಬಾ, ಔರಾದ ತಾಲೂಕು
೨೧ ಜುಲೈ ೨೦೨೪

ಅಂಜು,

ಸಿಟ್ಟಿನಲ್ಲಿ 'ನೀವು' ಎಂದು ಬರೆಯುವುದಕ್ಕೂ ಬಹಳ ಶಕ್ತಿ ಬೇಕು. ಅಷ್ಟು ನನ್ನಲ್ಲಿಲ್ಲ.

ನಿನ್ನ ಕಾಗದ ಓದಿ ಮೂರು ದಿನ ರಜೆ ಹಾಕಿ ಊರಿಗೆ ಬಂದಿದ್ದೇನೆ. ಮಳೆ ಬಿಟ್ಟಿಲ್ಲ. ಅಪ್ಪ ಕುರಿಗಳನ್ನು ಹೊರಗೆ ಬಿಡಲಾಗದೆ ಕೊಟ್ಟಿಗೆಯಲ್ಲೇ ಸೊಪ್ಪು ಹಾಕುತ್ತಿದ್ದಾರೆ. "ಆ ಬೀದರ ಹುಡುಗಿ ಯಾಕ ಬರವಲ್ಲಳು ಈಗ?" ಎಂದು ಕೇಳಿದರು. ಸೊಪ್ಪು ತರುವ ನೆವದಲ್ಲಿ ಒಳಗೆ ಹೋದೆ.

ಬರುವಾಗ ಟೇಪು ಕೊಳ್ಳಲು ಬೀದರದಲ್ಲಿ ಇಳಿದಿದ್ದೆ. ಚೌಬಾರಾದ ಹತ್ತಿರ ನಿಮ್ಮ ಅಬ್ಬಾನ ಗಡಿಯಾರದ ಅಂಗಡಿಯ ಕಡೆ ಹೋಗಬಾರದೆಂದು ಬಳಸುದಾರಿ ಹಿಡಿದರೆ ಎದುರಿಗೇ ನಿಮ್ಮ ಅಮ್ಮಿ, ಚಾಂದಬೀ ಖಾಲಾ. ಕೈ ಹಿಡಿದು ಮನೆಗೆ ಕರೆದೊಯ್ದರು. ತಟ್ಟೆಗೆ ಖಿಚಡಿ ಬಡಿಸಿ, ಎದುರಿಗೆ ಕೂತು, "ಬೇಟಿ, ಅಂಜು ದಿನಾ ಫೋನ್ ಮಾಡ್ತಾಳ. ಊಟ ಆಯ್ತು ಅಂತಾಳ, ಇಡ್ತಾಳ. ಮದಲಿನಂಗ ಮಾತೇ ಇಲ್ಲ. ಅಲ್ಲಿ ಏನರ ತಕಲೀಫ್ ಅದ ಏನು? ನೀ ಆಕಿ ದೋಸ್ತ್ ಇದ್ದಿ, ನಿನಗರ ಹೇಳಿರ್ಬೇಕು" ಎಂದರು.

"ಕೆಲಸ ಭಾಳ ಅದ ಆಕಿಗಿ, ಖಾಲಾ. ಮತ್ತೇನಿಲ್ಲ" ಅಂದೆ.

ನಿನ್ನ ಸಲುವಾಗಿ ಅವರ ಅನ್ನ ಉಣ್ಣುತ್ತ ಸುಳ್ಳು ಹೇಳಿದೆ.

ಈಗ ಕೇಳು. ಪುಣೆಯ ಲ್ಯಾಬಿನಲ್ಲಿ ಇದನ್ನು ಮಾಡುತ್ತಿದ್ದವಳ ಹೆಸರು ಸೋನಾಲಿ. ನಿನ್ನ ಪ್ರಬಂಧದ ವಂದನೆಯಲ್ಲಿ ಕಾಶೀನಾಥ ಸರ್ ಹೆಸರು ನೋಡಿ ಅವರಿಗೇ ಇಮೇಲು ಬರೆದಿದ್ದಾಳೆ. ಏಳು ತಿಂಗಳು ದಿನಾ ಟೇಪು ಎಳೆದಿದ್ದಾಳೆ. ಬೇರೆಯವರಿಗೆ ಬಂದದ್ದು ನಿನಗೇಕೆ ಬರುವುದಿಲ್ಲ ಎಂದು ಅಲ್ಲಿ ಎಲ್ಲರೂ ಅವಳ ಕೈಯನ್ನೇ ದೂರುತ್ತಿದ್ದಾರಂತೆ. "ನನ್ನ ಕೈಯಲ್ಲಿ ಏನಾದರೂ ದೋಷ ಇದೆಯೇ, ದಯವಿಟ್ಟು ಹೇಳಿ" ಎಂದು ಕೇಳಿದ್ದಾಳೆ. ಆ ಒಂದು ಮಾತು ಓದಿ ನನಗೆ ತಡೆಯಲಾಗಲಿಲ್ಲ.

ಸರ್ ಆ ಇಮೇಲು ನನ್ನ ಮುಂದಿಟ್ಟು, "ಏನಂತ ಬರೀಲಿ ಸರಿತಾ? ಮಾಡಿದಾಕಿ ನೀನು" ಎಂದರು. ಅವರಿಗೆ ನಾನು ನಿನ್ನ ವಿಷಯ ಹೇಳಲಿಲ್ಲ. "ಆಗಸ್ಟ್ ಐದರ ತನಕಾ ತಡೀರಿ ಸರ್" ಎಂದಷ್ಟೇ ಬೇಡಿಕೊಂಡೆ.

ನಿನಗೆ ಪದರು ಕಳಿಸುವುದಿಲ್ಲ. ನಾನು ಕಳಿಸಿದರೆ ನೀನು ಪಾರಾಗುತ್ತೀ, ಆ ಹುಡುಗಿ ತನ್ನ ಕೈ ನೋಡಿಕೊಂಡು ಅಳುತ್ತಲೇ ಇರುತ್ತಾಳೆ. ಐದರೊಳಗೆ ನೀನೇ ಹೇಳು. ನೀನು ಹೇಳದಿದ್ದರೆ ಆರಕ್ಕೆ ನಾನು ಬರೆಯುತ್ತೇನೆ. ಹಾಳೆ ನಿನ್ನ ಹತ್ತಿರವಿದೆ, ನನ್ನ ಮಾತಿಗೆ ಸಾಕ್ಷಿ ಇಲ್ಲ ಎಂಬುದು ನನಗೂ ಗೊತ್ತು.

ಸರಿತಾ


ಹೈದರಾಬಾದ
೩೦ ಜುಲೈ ೨೦೨೪

ಸರಿತಾ,

ಇನ್ನೂ ಹೇಳಿಲ್ಲ. ಎರಡು ಸಲ ಮೇಡಂ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಒಂದು ಸಲ ಒಳಗೆ ಯಾರೋ ಇದ್ದರು. ಇನ್ನೊಂದು ಸಲ ಮೇಡಂ ಒಬ್ಬರೇ ಇದ್ದರು.

ನಿನ್ನ ಕಾಗದದ ಕೊನೆಯ ಮಾತು ತಲೆಯಲ್ಲಿ ಕೂತಿತು. ನಿನ್ನೆ ಮಧ್ಯಾಹ್ನ ಆ ಫೆಬ್ರುವರಿಯ ಹಾಳೆ ತೆಗೆದುಕೊಂಡು ಆಫೀಸಿಗೆ ಹೋದೆ. ಅಲ್ಲಿ ಹಳೆಯ ಕಾಗದ ಕತ್ತರಿಸುವ ಯಂತ್ರ ಇದೆ. ಅದರ ಮುಂದೆ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಗುಮಾಸ್ತೆ ಕುಬರಾ ಆಪಾ ತಲೆಯೆತ್ತಿ, "ಹಾಕೂದಿದ್ರ ಕೊಡು ಬೇಟಿ, ನಾ ಹಾಕ್ತೀನಿ" ಎಂದು ಕೈ ಚಾಚಿದರು. ಅವರು ಹುಮನಾಬಾದ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಕೈ ಮುಂದೆ ಹೋಯಿತು. ಹೋಗಲಿಲ್ಲ ಎಂದು ನಿನಗೆ ಬರೆಯಬಹುದಿತ್ತು. ಹೋಯಿತು.

ಹಾಳೆಯ ಅಂಚು ಅವರ ಬೆರಳಿಗೆ ತಾಗಿದಾಗ, "ಇಲ್ಲ ಆಪಾ, ಇದು ಬೇಕಾಗ್ತದ" ಎಂದು ಎಳೆದುಕೊಂಡು ಓಡಿ ಬಂದೆ. ಮೆಟ್ಟಿಲ ಮೇಲೆ ಕೂತು ನೋಡಿದರೆ ಹಿಡಿದ ಕಡೆ ಹಾಳೆ ಬೆವರಿನಿಂದ ಒದ್ದೆಯಾಗಿತ್ತು.

ನಾನು ಎಂಥವಳಾಗಿದ್ದೇನೆ ಎಂದು ನೋಡಿ ಹೆದರಿಕೆಯಾಯಿತು. ಸಮಿತಿಯ ಹೆದರಿಕೆಗಿಂತ ಹೆಚ್ಚು.

ಐದಕ್ಕೆ ಇನ್ನೂ ಆರು ದಿನ ಇದೆ. ಬರೆಯಬೇಡ, ತಾಳು.

ಅಂಜು


ಹೈದರಾಬಾದ
೬ ಆಗಸ್ಟ್ ೨೦೨೪

ಸರಿತಾ,

ನಿನ್ನೆ ಹೇಳಿದೆ. "ಹೇಳಿದೆ" ಎಂದು ಕಳಿಸಿದ ಮೆಸೇಜಿಗೆ ನೀನು "ಸರಿ" ಎಂದೆ. ಆ ಎರಡಕ್ಷರ ನೋಡಿ ನಾನು ಎಷ್ಟು ಅತ್ತೆ ಎಂಬುದು ನಿನಗೆ ಬೇಡ.

ವಿಜಯಶ್ರೀ ಮೇಡಂ ಕಲಬುರಗಿಯವರು, ಕನ್ನಡ ಓದುತ್ತಾರೆ. ಹಾಳೆಯನ್ನು ಅವರ ಮುಂದಿಟ್ಟು ನಿಂತೆ. ಒಂದು ಬದಿ ಓದಿದರು, ತಿರುಗಿಸಿದರು, ಮತ್ತೆ ಮೊದಲಿನ ಬದಿಗೆ ಬಂದರು.

"ಇದು ಯಾವಾಗಿಂದ ನಿನ್ನ ಹತ್ರ ಅದ?"

"ಹೋದ ವರ್ಷ ಫೆಬ್ರುವರಿಯಿಂದರಿ."

"ಅಂದ್ರ ಪೇಪರ್ ಕಳಿಸೂದಕ್ಕಿಂತ ಮದಲ."

"ಹೌದ್ರಿ ಮೇಡಂ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾ ಕೇಳಿದ್ದೆ ನಿನಗ, ಮಾಡಿದವರು ಯಾರು ಅಂತ. ಬಾಯಿ ಬಿಟ್ಟು ಕೇಳಿದ್ದೆ" ಎಂದರು. ಆಮೇಲೆ "ಹೊರಗ ಕೂಡು" ಎಂದರು. ಎರಡು ತಾಸು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಸುಫಿಯಾನ ಬಂದು ಚಹಾ ಕೊಟ್ಟು, ಏನೂ ಕೇಳದೆ ಹೋದ. ನಕ್ಕವನ ಮೇಲೆ ಸಿಟ್ಟಿಟ್ಟುಕೊಳ್ಳುವುದು ಸುಲಭವಿತ್ತು. ಆದರೆ ಸಾಲು ತೆಗೆದದ್ದು ಅವನಲ್ಲ.

ಮೇಡಂ ಸಮಿತಿಗೆ ಎಲ್ಲ ತಿಳಿಸಿದ್ದಾರೆ. ಸಮಿತಿಯವರು ಹೇಳಿದ್ದು ಇಷ್ಟು: ನಾನು ಸುಳ್ಳು ಬರೆದವಳು, ಆದ್ದರಿಂದ ನನ್ನ ಚಿತ್ರಗಳನ್ನೂ ಈಗ ನಂಬಲಾಗದು. ಆ ಪದರು ಮಾಡಿದವಳು ಇಲ್ಲಿಗೆ ಬಂದು, ಅವರ ಕಣ್ಣೆದುರಿಗೆ, ಅದೇ ರೀತಿಯಲ್ಲಿ ಮತ್ತೊಂದು ಮಾಡಿ ತೋರಿಸಬೇಕು. ಆಗಸ್ಟ್ ಇಪ್ಪತ್ತೇಳರಿಂದ ಮೂರು ದಿನ. ಆಗದಿದ್ದರೆ ಪ್ರಬಂಧ ಹಿಂತೆಗೆಯುತ್ತಾರೆ, ನನ್ನ ಸೀಟೂ ಹೋಗುತ್ತದೆ. ಮಾಡಿ ತೋರಿಸಿದರೂ ನನಗೆ ಶಿಕ್ಷೆ ಇದ್ದೇ ಇದೆ, ಅದು ಬೇರೆ.

ಕಾಶೀನಾಥ ಸರ್ ಸೋನಾಲಿಗೆ ಬರೆಯಲಿ. ಇನ್ನು ಕಾಯುವ ಕಾರಣವಿಲ್ಲ. ಅವಳ ಕೈಯಲ್ಲಿ ದೋಷವಿಲ್ಲ ಎಂದು ಮೊದಲು ಹೇಳಲಿ.

ನೀನು ಬರಬೇಕು ಎನ್ನುವ ಹಕ್ಕು ನನಗಿಲ್ಲ. ಮಳೆಗಾಲದಲ್ಲಿ ನೀನು ಪದರು ಮಾಡುವುದಿಲ್ಲ ಎಂಬುದೂ ಗೊತ್ತು. ಗಾಳಿಯ ತೇವ ಬಿಲ್ಲೆಗೂ ಪದರಿಗೂ ನಡುವೆ ಕೂತು ಎಲ್ಲ ಕೆಡಿಸುತ್ತದೆ ಎಂದು ನೀನೇ ಕಲಿಸಿದ್ದೀ. ಸಮಿತಿಗೆ ಹೇಳಿದೆ, ದಿನ ಮುಂದೆ ಹಾಕಲಿಲ್ಲ. ಮೇಡಂ ನಿನಗೆ ಬೇರೆಯಾಗಿ ಬರೆಯುತ್ತಾರೆ.

ಅಂಜುಮ


ಹೈದರಾಬಾದ
೩೦ ಆಗಸ್ಟ್ ೨೦೨೪

ಪೂಜ್ಯ ಕಾಶೀನಾಥ ಸರ್ ಅವರಿಗೆ,

ಸರಿತಾಳ ನಮಸ್ಕಾರಗಳು. ಫೋನಿನಲ್ಲಿ "ಆಯಿತು ಸರ್" ಎಂದಷ್ಟೇ ಹೇಳಿದೆ. ನೀವೇ ಹಾಳೆ ಬರೆಯುವುದು ಕಲಿಸಿದ್ದೀರಿ, ಅದಕ್ಕೆ ಉಳಿದದ್ದನ್ನು ಬರೆಯುತ್ತೇನೆ. ಮೇಡಂ ಕರೆದದ್ದಕ್ಕೆ ಇಲ್ಲಿಗೆ ಬಂದೆ, ಆ ಪದರು ಎತ್ತಿದವಳು ನಾನೇ ಎಂದು ತೋರಿಸಬೇಕಿತ್ತು.

ಸಮಿತಿಯ ಹಿರಿಯರು ಸುಭಾನ ಎಂಬ ಪ್ರೊಫೆಸರು. ಬಿಳಿ ಗಡ್ಡ, ಕಡಿಮೆ ಮಾತು. ನನ್ನ ಬ್ಯಾಗಿನೊಳಗಿದ್ದ ಬಿಲ್ಲೆಗಳನ್ನು ಹೊರಗಿಡಿಸಿ ತಮ್ಮವೇ ಕೊಟ್ಟರು. ಟೇಪು ಕೂಡ ಅವರದೇ. ಅದು ಸರಿಯೆ. ನಾನು ಮನೆಯಿಂದ ಮಾಡಿ ತಂದೆ ಎಂದು ಯಾರೂ ಅನ್ನಬಾರದು. ಅಂಜುಮಳನ್ನು ಲ್ಯಾಬಿನೊಳಗೆ ಬಿಡಲಿಲ್ಲ. ಮೂರು ದಿನವೂ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಮೊದಲ ದಿನ ಇಸ್ತ್ರಿ ಪೆಟ್ಟಿಗೆಯ ಬದಲು ಅವರ ವಿದ್ಯುತ್ ಒಲೆ ಕೊಟ್ಟರು. ಎಷ್ಟು ಡಿಗ್ರಿ ಎಂದು ಅಂಕಿ ತೋರಿಸುವ ಒಳ್ಳೆಯ ಒಲೆ. ನಾಲ್ಕು ಬಿಲ್ಲೆ ಮಾಡಿದೆ. ನಾಲ್ಕರಲ್ಲೂ ಪುಡಿ. ಹೊರಗೆ ಜಡಿಮಳೆ. ಎರಡನೆಯ ದಿನ ಐದು ಮಾಡಿದೆ. ಒಂದರಲ್ಲಿ ದೊಡ್ಡ ಪದರು ಕಂಡಿತು, ನಡುವೆ ಹರಿದಿತ್ತು. ಸಮಿತಿಯಲ್ಲಿ ಒಬ್ಬರು ಗಡಿಯಾರ ನೋಡುತ್ತಿದ್ದರು. ಆಗ ಸೋನಾಲಿಯ ನೆನಪಾಯಿತು. ಏಳು ತಿಂಗಳು ಅವಳು ಹೀಗೇ ಇದ್ದಿರಬೇಕು.

ಸಂಜೆ ಕೂತು ಯೋಚಿಸಿದೆ. ಆ ಒಲೆ ಆರಿಸಿದ ಕೂಡಲೆ ಒಳಗೆ ಫ್ಯಾನು ತಿರುಗಿ ಬೇಗ ತಣಿಯುತ್ತದೆ. ನಮ್ಮ ಪೆಟ್ಟಿಗೆಯದು ದಪ್ಪ ತಳ, ನಿಧಾನ ತಣಿಯುತ್ತದೆ. ನಾನು ಬಿಸಿಯನ್ನೇ ಲೆಕ್ಕ ಹಿಡಿದಿದ್ದೆ, ತಣಿಯುವುದನ್ನು ಮರೆತಿದ್ದೆ. ಮೂರನೆಯ ದಿನ ಬೆಳಿಗ್ಗೆ ಸುಭಾನ ಸರ್ ಹತ್ತಿರ ಹೋಗಿ, "ನನಗ ಇಸ್ತ್ರಿ ಪೆಟ್ಟಿಗೀನೇ ಬೇಕ್ರಿ" ಅಂದೆ. ವಿಜಯಶ್ರೀ ಮೇಡಂ ಅದನ್ನು ಅವರಿಗೆ ತಿಳಿಸಿದರು. ಯಾರೋ ನಕ್ಕರು. ಸುಭಾನ ಸರ್ ನಗಲಿಲ್ಲ. "ಲಾವ್" ಎಂದರು. ಹಾಸ್ಟೆಲಿಗೆ ಓಡಿ ತಂದುಕೊಟ್ಟವಳು ಅಂಜುಮ. ಬಾಗಿಲಲ್ಲಿ ಪೆಟ್ಟಿಗೆ ಕೊಟ್ಟಳು, ನನ್ನ ಮುಖ ನೋಡಲಿಲ್ಲ, ಮತ್ತೆ ಬೆಂಚಿಗೆ ಹೋದಳು.

ಮೊದಲನೆಯದು ಕೆಟ್ಟಿತು. ಎರಡನೆಯದಕ್ಕೆ ಲೋಟ ಮುಚ್ಚಿ ಮುಕ್ಕಾಲು ತಾಸಿನ ಬದಲು ಒಂದು ತಾಸು ಕಾದೆ. ಕೋಣೆಯಲ್ಲಿ ಎಂಟು ಜನ ಸುತ್ತ ನಿಂತಿದ್ದರು. ಟೇಪು ಎತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ನೇರಳೆ ಬಣ್ಣದ ಬಿಲ್ಲೆಯ ಮೇಲೆ, ನೀವು ಹೇಳುವ ಹಾಗೆ, ಉಸಿರು ತಾಗಿದ ಕನ್ನಡಿಯಷ್ಟೇ ಮಸುಕು. ಅಂಚಿನಿಂದ ಅಂಚಿಗೆ ಹರಿದ ಗುರುತಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಸೂಜಿಮೊನೆಯಿಂದ ಮೇಲ್ಮೈ ಸವರಿ ಎತ್ತರ ಅಳೆಯುವ ಯಂತ್ರಕ್ಕೆ ಹಾಕಿದರು. ಒಂದು ಪದರಿಗೆ ಬರಬೇಕಾದ್ದಕ್ಕಿಂತ ಎತ್ತರ ಹೆಚ್ಚು ಬಂತು. "ದೋ ಪರತ್ ಹೈ" ಎಂದರು ಗಡಿಯಾರ ನೋಡುತ್ತಿದ್ದವರು. ಎರಡು ಪದರು ಎಂದರೆ ನಾನು ಸೋತ ಹಾಗೆ. ಕೆಳಗೆ ತೇವ ಸಿಕ್ಕಿದ್ದರೆ ಸೂಜಿ ಹೆಚ್ಚು ತೋರಿಸುತ್ತದೆ, ಲೇಸರ್ ಬೆಳಕಿನಿಂದ ನೋಡಬೇಕು ಎಂದು ವಿಜಯಶ್ರೀ ಮೇಡಂ ಪಟ್ಟು ಹಿಡಿದರು. ಆ ಯಂತ್ರ ಬೇರೆಯವರ ಕೆಲಸದಲ್ಲಿತ್ತು. ಒಂದೂವರೆ ತಾಸು ಕಾದೆವು. ನಾನು ಹೊರಗೆ ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ ಕೂತೆ. ಅಂಜುಮ ನೀರಿನ ಬಾಟಲಿ ಸರಿಸಿದಳು. ಕುಡಿದೆ.

ಲೇಸರಿನ ಗೆರೆ ಪರದೆಯ ಮೇಲೆ ಮೂಡಿದಾಗ ಸುಭಾನ ಸರ್ ತಾವೇ ಬಗ್ಗಿ ನೋಡಿದರು. ಎತ್ತರದ ಒಂದೇ ಚೂಪಾದ ಶಿಖರ. "ಏಕ್" ಎಂದರು, ಒಂದೇ ಪದರು. ನನ್ನ ಕಡೆ ತಿರುಗಿ, "ಬೇಟಾ, ನಾಮ್ ಪೂರಾ ಬತಾವ್" ಎಂದು ಪೆನ್ನು ತೆಗೆದರು.

ಹೇಳಿದೆ ಸರ್. ಸರಿತಾ ಹಣಮಂತಪ್ಪ, ಎಕಂಬಾ, ಔರಾದ ತಾಲೂಕು. ಊರೂ ಬೇಕಿರಲಿಲ್ಲವೇನೋ.

ನಾಡಿದ್ದು ಭಾಲ್ಕಿಗೆ ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಸರಿತಾ


ಹೈದರಾಬಾದ
೯ ಅಕ್ಟೋಬರ್ ೨೦೨೪

ಸರಿತಾ,

ತಿದ್ದುಪಡಿ ಅಚ್ಚಾಗಿದೆ. ಹೆಸರುಗಳಲ್ಲಿ ನಿನ್ನದು ಸೇರಿದೆ. ವಿಧಾನದಲ್ಲಿ ಮನೆಬಳಕೆಯ ಇಸ್ತ್ರಿ ಪೆಟ್ಟಿಗೆ ಎಂದು ಸ್ಪಷ್ಟವಾಗಿ ಇದೆ. ಮೊದಲಿನ ವಿವರ ತಪ್ಪಾಗಿ ಬರೆದದ್ದು ನಾನು ಎಂಬುದೂ ಇದೆ. ಅದು ಯಾವತ್ತೂ ಅಳಿಸುವುದಿಲ್ಲ.

ನನ್ನ ಥೀಸಿಸು ಒಂದು ವರ್ಷ ಮುಂದೆ ಹೋಯಿತು. ಮುಂದಿನ ಜೂನ್ ತನಕ ಯಾವ ಯಂತ್ರವನ್ನೂ ಮುಟ್ಟುವ ಹಾಗಿಲ್ಲ. ಲ್ಯಾಬಿನಲ್ಲಿ ಮಾತಾಡಿಸುತ್ತಾರೆ, ಆದರೆ ನಾನು ಏನಾದರೂ ಅಂಕಿ ಹೇಳಿದರೆ ಇನ್ನೊಬ್ಬರ ಕಡೆ ನೋಡುತ್ತಾರೆ. ಅದಕ್ಕಿನ್ನೂ ಒಗ್ಗಿಲ್ಲ.

ಮನೆಗೆ ಫೋನಿನಲ್ಲಿ ಹೇಳಿದೆ. ಮರುದಿನವೇ ಅಬ್ಬಾ ಅಂಗಡಿ ಮುಚ್ಚಿ ಬಸ್ಸು ಹತ್ತಿ ಬಂದರು. ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಕೂತಿದ್ದರು. ಸೀಟಿನ ಬಗ್ಗೆ, ಮುಂದೇನು ಎಂಬುದರ ಬಗ್ಗೆ ಒಂದೂ ಮಾತಿಲ್ಲ. "ಆ ಹುಡುಗಿ ನಮ್ಮ ಮನ್ಯಾಗ ಉಂಡು ಹೋಗ್ಯಾಳ. ಆಕಿ ಹೆಸರು ಹ್ಯಾಂಗ ಬಿಟ್ಟಿ?" ಎಂದಷ್ಟೇ ಕೇಳಿದರು. ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋದರು.

ಒಂದು ಕೇಳುತ್ತೇನೆ. ಬೇಡ ಎಂದರೆ ಬೇಡ. ಯಂತ್ರಗಳ ಮುಂದೆ ಐದು ವರ್ಷ ಕೂತ ನನಗೆ ಪದರು ಮಾಡಲು ಬರುವುದಿಲ್ಲ. ಜೂನ್ ತನಕ ಭಾಲ್ಕಿಗೆ ಬಂದು ನಿನ್ನ ಹತ್ತಿರ ಕಲಿಯಲೇ? ಮೇಡಂ ಒಪ್ಪಿದ್ದಾರೆ. ಬೀದರದ ಮನೆಯಿಂದಲೇ ದಿನಾ ಓಡಾಡುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ. ಅದನ್ನು ನಿನಗೆ ಬಿಟ್ಟಿದ್ದೇನೆ.

ಅಂಜು


ಭಾಲ್ಕಿ
೨೮ ಡಿಸೆಂಬರ್ ೨೦೨೪

ಅಂಜು,

ಉತ್ತರಕ್ಕೆ ಎರಡೂವರೆ ತಿಂಗಳು ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ. ಮೂರರಲ್ಲಿ ಬರಬೇಡ ಎಂದಿತ್ತು. ಒಂದರಲ್ಲಿ ಬಾ ಎಂದಿತ್ತು, ಆದರೆ ಅದು ನಾಟಕದ ಮಾತಿನ ಹಾಗೆ ಕೇಳಿಸಿತು.

ಸೋನಾಲಿಗೆ ನವೆಂಬರಿನಲ್ಲಿ ಪದರು ಬಂತು. ಹತ್ತೊಂಬತ್ತನೆಯ ಸಲಕ್ಕೆ. ಫೋಟೋ ಕಳಿಸಿ ಮರಾಠಿಯಲ್ಲಿ "ಬಘಾ ತಾಯಿ", ನೋಡಿ ಅಕ್ಕ, ಎಂದು ಬರೆದಿದ್ದಳು. ಆಮೇಲೆ ಅವಳ ಗೈಡು ನನ್ನನ್ನು ಸಂದರ್ಶನಕ್ಕೆ ಕರೆದರು. ಹೋದ ವಾರ ಪುಣೆಗೆ ಹೋಗಿ ಬಂದೆ. ಪಿಎಚ್‌ಡಿಗೆ ತೆಗೆದುಕೊಂಡಿದ್ದಾರೆ. ಫೆಬ್ರುವರಿ ಮೂರಕ್ಕೆ ಸೇರಬೇಕು. ಅಪ್ಪ ಊರಿಗೆಲ್ಲ ಪೇಢಾ ಹಂಚಿದ್ದಾರೆ, ಅವ್ವ ಸಖುಬಾಯಿ ಮಾತ್ರ ಪುಣೆಯ ಚಳಿಗೆ ಹೆದರಿ ಕೌದಿ ಹೊಲಿಯುತ್ತಿದ್ದಾಳೆ. ನನಗೆ ಖುಷಿಯೂ ಇದೆ, ಹೆದರಿಕೆಯೂ ಇದೆ. ಅಲ್ಲಿಯೂ ಮಳೆ ಹೆಚ್ಚಂತೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಕೆಲವು ದಿನ ನೆನಪೇ ಇರುವುದಿಲ್ಲ, ಕೆಲವು ದಿನ ಬೆಳಿಗ್ಗೆ ಏಳುವಾಗಲೇ ಇರುತ್ತದೆ. ನೀನು ಬಂದಾಗ ಯಾವ ದಿನ ಎಂದು ಹೇಳಲಾರೆ. ಹಾಗಿದ್ದರೂ ಬರುವುದಾದರೆ ಬಾ.

ನಾನು ಹೊರಟ ಮೇಲೆ ಇಲ್ಲಿ ಈ ಕೆಲಸ ಬಲ್ಲವರು ಯಾರೂ ಇಲ್ಲ. ಸರ್ ಅವರಿಗೆ ಈಗ ಕಣ್ಣು ಸಾಲದು. ಬಿ.ಎಸ್ಸಿಯ ನಾಲ್ಕು ಹುಡುಗಿಯರು ಕಲಿಯಬೇಕೆಂದು ಕಾದಿದ್ದಾರೆ. ಜನವರಿ ಆರಕ್ಕೆ ಬಾ. ನಾಲ್ಕು ವಾರ ನಾನು ಕಲಿಸುತ್ತೇನೆ. ಆಮೇಲೆ ಜೂನ್ ತನಕ ಆ ಮೇಜು ನಿನ್ನದು, ಆ ಹುಡುಗಿಯರೂ ನಿನ್ನ ಪಾಲಿಗೆ.

ಬೆಳಗಿನ ಮೊದಲ ಬಸ್ಸು ಹಿಡಿ. ಹತ್ತರ ಒಳಗೆ ಗಾಳಿಯಲ್ಲಿ ಧೂಳು ಕಡಿಮೆ ಇರುತ್ತದೆ. ಉಗುರು ಕತ್ತರಿಸಿಕೊಂಡು ಬಾ, ಕೈಗೆ ಎಣ್ಣೆ ಹಚ್ಚಬೇಡ. ಚಾಂದಬೀ ಖಾಲಾಗೆ ನಾನೇ ಫೋನು ಮಾಡಿ ಹೇಳಿದ್ದೇನೆ, ಡಬ್ಬಿಯಲ್ಲಿ ಇಬ್ಬರಿಗೂ ಕಟ್ಟಿ ಕೊಡುತ್ತಾರಂತೆ.

ಮೊದಲ ವಾರ ಏನೂ ಸಿಗುವುದಿಲ್ಲ. ಸಿಗಲಿಲ್ಲ ಎಂದೇ ಬರೆದಿಡು.

ಸರಿತಾ